ಹೊಲಿಗೆ ಮಿಷನ್ನು ನಿಲ್ಲುವ ತನಕ

ಹದಿನಾರು ವರ್ಷ ಬಂದರಿನ ಧಕ್ಕೆಯಲ್ಲಿ
ಮೀನಿನ ಬೆಲೆ ಕೂಗಿದವನು ನಾನು.
ನಾನೂರು, ನಾನೂರಿಪ್ಪತ್ತು, ನಾನೂರೈವತ್ತು!
ಬೋಟಿನ ಎಂಜಿನ್ನು, ಐಸು ಒಡೆಯುವ ಸದ್ದು, ಕಾಗೆ,
ಎಲ್ಲದರ ನೆತ್ತಿಯ ಮೇಲೆ ಹಾದು
ಹೊಳೆಯಾಚೆ ಬೆಂಗ್ರೆಯಲ್ಲಿ ಪಾತ್ರೆ ತಿಕ್ಕುವ ನನ್ನವಳಿಗೆ
ಇವತ್ತು ಬಂಗುಡೆಗೆ ಎಷ್ಟೆಂದು ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಸ್ವರ ಹರಿಯಿತು,
ಹಳೆ ಬಲೆ ಹರಿದ ಹಾಗೆ, ನಟ್ಟನಡುವೆ.
ಕಂಕನಾಡಿಯ ಡಾಕ್ಟರು ಗಂಟಲೊಳಗೆ ಕನ್ನಡಿ ಇಳಿಸಿ
"ಅಕ್ಕಿಕಾಳಿನಷ್ಟು ಗಂಟು ಉಂಟು,
ಮೂರು ತಿಂಗಳು ಕೂಗಬಾರದು" ಅಂದರು.
ಮಾತಾಡಬಹುದಾ ಅಂದೆ.
"ನೀವು ಮಾತಾಡುವುದೂ ಕೂಗಿದ ಹಾಗೆಯೇ ಅಲ್ವಾ?"

ಜೆಪ್ಪುವಿನ ಇನಾಸ್ ಮಾಮ್ ಸಿಕ್ಕಿದ್ದು ಹಾಗೆ.
ಹಗಲು ಹಂಚಿನ ಕಾರ್ಖಾನೆಯ ಲೆಕ್ಕ ಬರೆದು
ರಾತ್ರಿ ರೋಸಿನ ಚಪ್ಪರದಲ್ಲಿ ಬ್ಯಾಂಡಿನ ಮುಂದೆ ನಿಂತವರು.
ಹಡಗಿನಲ್ಲಿ ದುಡಿದ ಅಪ್ಪ ತಂದ ಪ್ಲೇಟುಗಳಿಂದ
ಕಿವಿಯಲ್ಲೇ ಕದ್ದ ವಿದ್ಯೆ.
ಕ್ರೂನಿಂಗ್ ಅಂತ ಅದರ ಹೆಸರು.
"ಮೊದಲಿನವರು ಗೋಡೆಗೆ ಹಾಡುತ್ತಿದ್ದರು,
ಕೊನೆಯ ಬೆಂಚಿನ ಕಿವುಡನಿಗೆ.
ಮೈಕು ಬಂದ ಮೇಲೆ, ಮಾರಾಯ,
ಎದುರಿಗೆ ಇರುವುದು ಒಂದೇ ಕಿವಿ."

ಮೇಜಿನ ಮೇಲೆ ಆ ಮೈಕು. ಕಬ್ಬಿಣದ ಭಾರ,
ಜಾಲರಿಯ ತುಂಬ ಯಾರುಯಾರದೋ ಉಸಿರಿನ ತುಕ್ಕು.
ಸ್ಪೀಕರು? "ಒಳಕೋಣೆಯಲ್ಲಿ ಉಂಟು.
ನೀನು ಅತ್ತ ನೋಡಬೇಡ."
ಒಳಗೆ ಅವರ ತಂಗಿ ಸೆವೆರಿನ್ ಬಾಯಿ
ಯಾರದೋ ರವಕೆ ಹೊಲಿಯುವ ಕಟಕಟಕಟ.

ತುಟಿಯ ಮುಂದೆ ಮೇಣದ ಬತ್ತಿ. ಹಾಡು, ಅಲುಗಬಾರದು.
ಬಂಗುಡೆಯ 'ಬ'ಕ್ಕೆ ಒಮ್ಮೆ ಆರಿತು,
ಪಾಂಪ್ಲೆಟ್ಟಿನ 'ಪಾ'ಕ್ಕೆ ಇನ್ನೊಮ್ಮೆ.
"ಆ ಅಕ್ಷರ ಬಂದಾಗ ಮುಖ ಸ್ವಲ್ಪ ಓರೆ ಮಾಡು,
ನಾಚಿದವನ ಹಾಗೆ."
ಸ್ವರಕ್ಕೆ ಹಾರಿ ಹತ್ತಬೇಡ,
ದೋಣಿ ಧಕ್ಕೆಗೆ ತಾಗುವ ಹಾಗೆ ಕೆಳಗಿಂದ ಜಾರಿ ಬಾ.
'ಮ'ಕಾರದಲ್ಲಿ ನಿಲ್ಲು. ಬಾಯಿ ಮುಚ್ಚಿದರೂ
ಒಳಗೆ ದೀಪ ಉರಿಯುತ್ತದಲ್ಲ, ಅಲ್ಲಿ.

ನಾನು ನಿಲ್ಲುತ್ತಿದ್ದೆ. ಎರಡು ಗಳಿಗೆ.
ಮೂರನೆಯದಕ್ಕೆ ಎದೆಯ ಏಲಂ ಎದ್ದು
ಹಂಚಿನ ಮೇಲಿನ ಪಾರಿವಾಳ ಹಾರುತ್ತಿತ್ತು.
"ಮಾರಬೇಡ," ಎನ್ನುತ್ತಿದ್ದರು ಇನಾಸ್ ಮಾಮ್,
"ಇಲ್ಲಿ ಯಾರೂ ಕೊಳ್ಳಲು ಬಂದಿಲ್ಲ."

ಏಳನೆಯ ವಾರ. ಸಂಜೆ. ಪದಗಳು ಕೊಂಕಣಿಯವು,
ನನಗೆ ಅರ್ಧಕ್ಕರ್ಧ ಅರ್ಥವಾಗದವು.
ಮಲಗಿದ ಮಗುವಿನ ಕೈಯಿಂದ
ಆಟಿಕೆ ಬಿಡಿಸಿಕೊಳ್ಳುವಷ್ಟು ಮೆಲ್ಲಗೆ ಒಂದು ಸಾಲು ಹಾಡಿದೆ.
ಎಲ್ಲೋ ಏನೋ ಕಡಿಮೆಯಾದ ಹಾಗಾಯಿತು.
ಏನೆಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು:
ಒಳಗೆ ಮಿಷನ್ನು ನಿಂತಿತ್ತು.

ನೀರು ಕೇಳುವ ನೆಪದಲ್ಲಿ ಒಳಗೆ ಹೋದೆ.
ಬಟ್ಟೆಯ ತುಂಡು, ಸೀಮೆಸುಣ್ಣ, ಗುಂಡಿಯ ಡಬ್ಬ.
ಸ್ಪೀಕರು ಎಲ್ಲಿ, ಬಾಯಮ್ಮ?
ನೂಲು ಹಲ್ಲಿನಲ್ಲಿ ಕಚ್ಚಿ ತುಂಡರಿಸಿ ಹೇಳಿದಳು:
"ನಾನೇ."
ಮತ್ತೆ, ಸೂಜಿಗೆ ಕಣ್ಣು ಕಿರಿದು ಮಾಡುತ್ತ,
"ಮೊನ್ನೆಯದೂ ಅಡ್ಡಿಯಿಲ್ಲ. ಕೊನೆಗೆ ಸ್ವಲ್ಪ ಜೋರು."

ಹೊರಗೆ ಬಂದು ಮೇಜಿನ ಕೆಳಗೆ ಬಗ್ಗಿ ನೋಡಿದೆ.
ಮೈಕಿನ ವಯರು ಗೇಣುದ್ದ ಹೋಗಿ
ಇಲಿ ಕಡಿದ ತುದಿಯಲ್ಲಿ ಮುಗಿದಿತ್ತು.
ಇನಾಸ್ ಮಾಮ್ ಕಿಟಕಿಯ ಕಡೆ ತಿರುಗಿ
ಬೀಡಿ ಹಚ್ಚಿದರು. ಏನೂ ಹೇಳಲಿಲ್ಲ.

ಮೂರು ತಿಂಗಳು ತುಂಬಿ ಧಕ್ಕೆಗೆ ಮರಳಿದ ದಿನ
ಮೊದಲ ಬುಟ್ಟಿಗೆ 'ನಾನೂರು' ಅಂದೆ, ಅಷ್ಟೇ ಮೆಲ್ಲಗೆ.
"ಎಂತ ಮಾರಾಯ, ಹೆಂಡತಿ ತೀರಿಕೊಂಡಳಾ?"
ಗುಲಾಬಿಯಕ್ಕ ಕೇಳಿದಳು, ಎಲ್ಲ ನಕ್ಕರು,
ನಕ್ಕು ಎರಡು ಹೆಜ್ಜೆ ಹತ್ತಿರ ಬಂದರು.
ಆ ಬುಟ್ಟಿ ಮೂವತ್ತು ರೂಪಾಯಿ ಕಡಿಮೆಗೇ ಹೋಯಿತು.
ಧಣಿ ಬೈದರು. ಬೈಗುಳ ಸರಿಯೇ.

ಕತ್ತಲಾದ ಮೇಲೆ ಕೊನೆಯ ದೋಣಿ ದಾಟಿ ಮನೆಗೆ.
"ಇವತ್ತು ಏನೂ ಕೇಳಿಸಲೇ ಇಲ್ಲ," ಅಂದಳು,
"ಬಂಗುಡೆಗೆ ಎಷ್ಟಾಯಿತು?"
ಹತ್ತಿರ ಕೂತು ಹೇಳಿದೆ.
ನಡುವೆ ಇದ್ದ ಚಿಮಿಣಿ ದೀಪ ಅಲುಗಲಿಲ್ಲ.